ಒಂದು ಪಾತ್ರೆ, ಹತ್ತು ತಾಟು: ಕೂಡುಮನೆಯ ಅಡುಗೆಗೂ ಕ್ಯಾಲೊರಿ ಲೆಕ್ಕ

‘ದಿನಕ್ಕೆ 1,600 ಕ್ಯಾಲೊರಿ ಮೀರದಂತೆ ಊಟ ಮಾಡಿ’ ಎಂಬ ವೈದ್ಯರ ಮಾತು ಈಗ ನಮ್ಮ ಆದವಾನಿ ಸೀಮೆಯ ಮನೆಗಳಿಗೂ ಹೊಸದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಆದ್ದರಿಂದ ಆಹಾರದ ಪಟ್ಟಿ ಹಿಡಿದು ಆಸ್ಪತ್ರೆಯಿಂದ ಮನೆಗೆ ಬರುವವರ ಸಂಖ್ಯೆ ಹೆಚ್ಚುತ್ತಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಪಟ್ಟಿ ಸಾಮಾನ್ಯವಾಗಿ ‘ಒಂದು ಬಟ್ಟಲು ಬೇಳೆ, ಎರಡು ಚಪಾತಿ, ಅರ್ಧ ಬಟ್ಟಲು ಪಲ್ಯ’ ಎಂಬ ಧಾಟಿಯಲ್ಲಿರುತ್ತದೆ. ಕೌತಾಳ, ಕೋಸಿಗಿ, ಹೊಳಗುಂದಿ, ಆಲೂರುಗಳ ಕೂಡುಮನೆಗಳಲ್ಲಿ ಅಡುಗೆ ಬಟ್ಟಲಿನ ಲೆಕ್ಕದಲ್ಲಿ ಆಗುವುದಿಲ್ಲ. ಬೆಳಿಗ್ಗೆ ಒಂದೇ ಬಾರಿಗೆ ಎರಡು ಕಿಲೋ ಹಿಟ್ಟಿನ ರೊಟ್ಟಿ, ಒಂದು ದೊಡ್ಡ ಪಾತ್ರೆ ಪುಂಡಿಪಲ್ಯ, ತಿಂಗಳಿಗೆ ಸಾಲುವಷ್ಟು ಶೇಂಗಾ ಚಟ್ನಿಪುಡಿ. ಇದರಲ್ಲಿ ಒಬ್ಬರ ಪಾಲಿಗೆ ಬಂದ ಕ್ಯಾಲೊರಿ ಎಷ್ಟು ಎಂದು ಹೇಳುವುದು ಹೇಗೆ?

ಸಾಧ್ಯವಿಲ್ಲವೆಂದು ಹಲವರು ಕೈಬಿಡುತ್ತಾರೆ. ಕೆಲವರು ಮೊಬೈಲಿನ ಆ್ಯಪ್‌ನಲ್ಲಿ ‘ಒಂದು ಬಟ್ಟಲು ಸಾಂಬಾರು’ ಎಂದು ಒತ್ತಿ, ಅದು ಕೊಟ್ಟ ಅಂಕಿಯನ್ನೇ ನಂಬುತ್ತಾರೆ. ಆ ಸಾಂಬಾರು ಯಾರ ಮನೆಯದು, ಅದರಲ್ಲಿ ಬೇಳೆ ಎಷ್ಟು, ಎಣ್ಣೆ ಎಷ್ಟು ಎಂಬುದು ಯಾರಿಗೂ ತಿಳಿಯದು. ನಿಜ ಹೇಳಬೇಕೆಂದರೆ ದೊಡ್ಡ ಪಾತ್ರೆಯ ಅಡುಗೆಯ ಲೆಕ್ಕ ಚಿಕ್ಕ ಪಾತ್ರೆಯದಕ್ಕಿಂತ ಸುಲಭ. ಹತ್ತು ಜನರಿಗೆ ಒಮ್ಮೆ ಮಾಡಿದ ಲೆಕ್ಕ ಹತ್ತು ಜನರಿಗೂ ಸಲ್ಲುತ್ತದೆ. ಅದೇ ಅಡುಗೆಯನ್ನು ಅದೇ ಅಳತೆಯಲ್ಲಿ ಮಾಡುವಷ್ಟು ದಿನವೂ ಸಲ್ಲುತ್ತದೆ.

ಬರದ ಸೀಮೆಯಲ್ಲಿ ಅನ್ನದ ಅಳತೆ

ಊಟವನ್ನು ತೂಗಿ ಅಂಕಿಗೆ ಇಳಿಸುವುದು ನಮ್ಮ ನೆಲಕ್ಕೆ ಹೊಸ ವಿಷಯವಲ್ಲ. ಅದರ ಕಹಿ ನೆನಪೂ ಇಲ್ಲಿದೆ. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿ, ಕರ್ನೂಲುಗಳು ಸೇರಿದ್ದವು. ಆಗ ಆದವಾನಿ ಬಳ್ಳಾರಿ ಜಿಲ್ಲೆಯ ತಾಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಸ್ಥಾಪನೆಯಾದಾಗಲೇ ಅದು ಬಳ್ಳಾರಿಯಿಂದ ಬೇರೆಯಾದದ್ದು. 1877ರ ಆರಂಭದಲ್ಲಿ ವೈಸ್‌ರಾಯ್ ಲಿಟ್ಟನ್ ಅವರ ಪ್ರತಿನಿಧಿಯಾಗಿ ಮದರಾಸು ಪ್ರಾಂತಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್, ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ರತ್ತಲು ಧಾನ್ಯ, ಜೊತೆಗೆ ಅಲ್ಪ ಚಿಲ್ಲರೆ ಸಾಕೆಂದು ನಿಗದಿ ಮಾಡಿದರು. ಪ್ರಾಂತದ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ದುಡಿಯುವ ದೇಹಕ್ಕೆ ಕನಿಷ್ಠ ಒಂದೂವರೆ ರತ್ತಲು ಧಾನ್ಯ, ಅದರೊಡನೆ ಬೇಳೆ, ತರಕಾರಿ ಬೇಕೆಂಬುದು ಅವರ ವಾದವಾಗಿತ್ತು.

ಇಂದಿನ ಅಂಕಿಗಳಲ್ಲಿ ನೋಡೋಣ. ಒಂದು ರತ್ತಲೆಂದರೆ ಸುಮಾರು 454 ಗ್ರಾಂ. ಅಷ್ಟು ಜೋಳದಿಂದ ದೊರೆಯುವುದು ಸುಮಾರು 1,500 ಕ್ಯಾಲೊರಿ. ಕಠಿಣ ದುಡಿಮೆಯ ಗಂಡಸಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕೆಂದು ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ಅಂದರೆ ಕೆರೆಯ ಮಣ್ಣು ಹೊರುತ್ತಿದ್ದವರಿಗೆ ಧಾನ್ಯದ ರೂಪದಲ್ಲಿ ಸಿಕ್ಕಿದ್ದು ಅಗತ್ಯದ ಅರ್ಧಕ್ಕಿಂತ ಕಡಿಮೆ. ಲೆಕ್ಕವೆಂಬುದು ಕೊಡುವ ಕೈಯ ಜಿಪುಣತನಕ್ಕೂ ಒದಗಬಹುದು, ಉಣ್ಣುವವರ ಹಕ್ಕಿಗೂ ಒದಗಬಹುದು. ಅದು ಉಣ್ಣುವವರ ಕೈಯಲ್ಲೇ ಇರುವುದು ಲೇಸು.

ಅಂಕಿಗಳು ಎಲ್ಲಿಂದ ಬಂದವು?

ಪಿಷ್ಟ ಮತ್ತು ಪ್ರೋಟೀನುಗಳ ಒಂದೊಂದು ಗ್ರಾಮಿಗೆ 4, ಕೊಬ್ಬಿನ ಒಂದು ಗ್ರಾಮಿಗೆ 9 ಕ್ಯಾಲೊರಿ ಎಂಬ ಸೂತ್ರವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೂಪಿಸಿದವರು ಅಮೆರಿಕದ ವಿಜ್ಞಾನಿ ಆಟ್‌ವಾಟರ್. ನಮ್ಮ ಕಾಳುಕಡಿಗಳನ್ನು ಈ ದೃಷ್ಟಿಯಿಂದ ಪರೀಕ್ಷಿಸುವ ಕೆಲಸ ಮದರಾಸು ಪ್ರಾಂತದ ಕೂನೂರಿನಲ್ಲಿ ನಡೆಯಿತು. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಒಂದು ಚಿಕ್ಕ ಕೋಣೆಯಲ್ಲಿ ಆರಂಭಿಸಿದ ಬೆರಿಬೆರಿ ಸಂಶೋಧನಾ ಘಟಕವೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. 1937ರಲ್ಲಿ ಆಯ್ಕ್‌ರಾಯ್ಡ್ ಅವರು ಕೂನೂರಿನಿಂದ ಭಾರತೀಯ ಆಹಾರಗಳ ಪೌಷ್ಟಿಕ ಮೌಲ್ಯದ ಪಟ್ಟಿಯನ್ನು ಪ್ರಕಟಿಸಿದರು. 1971ರಲ್ಲಿ ಗೋಪಾಲನ್ ಮತ್ತು ಸಂಗಡಿಗರ ಹೊಸ ಪುಸ್ತಕ ಬಂದಿತು. 2017ರಲ್ಲಿ 528 ಆಹಾರವಸ್ತುಗಳನ್ನು ಹೊಸದಾಗಿ ಪರೀಕ್ಷಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕ ಹೊರಬಂದಿತು.

ಹಳೆಯ ಪಟ್ಟಿಗೂ ಹೊಸದಕ್ಕೂ ಅಲ್ಪ ವ್ಯತ್ಯಾಸವಿದೆ. ನೂರು ಗ್ರಾಂ ಜೋಳಕ್ಕೆ ಹಳೆಯದು 349 ಎಂದರೆ ಹೊಸದು 334 ಎನ್ನುತ್ತದೆ. ಅಕ್ಕಿಗೆ ಹಳೆಯದು 345 ಎಂದರೆ ಹೊಸದು 356. ಇದರಿಂದ ಗಾಬರಿಯಾಗಬೇಕಿಲ್ಲ. ಒಂದೇ ಪಟ್ಟಿಯನ್ನು ಹಿಡಿದು ಅದಕ್ಕೇ ಅಂಟಿಕೊಂಡರೆ ಸಾಕು. ನಮ್ಮ ಅಡುಗೆಮನೆಗೆ ಬೇಕಾದ ಅಂಕಿಗಳು ಬೆರಳೆಣಿಕೆಯವು. ನೂರು ಗ್ರಾಮಿಗೆ ಜೋಳ 334, ಸಜ್ಜೆ 348, ಅಕ್ಕಿ 356, ತೊಗರಿಬೇಳೆ 331, ಕಡಲೆಬೇಳೆ 329, ಶೇಂಗಾಬೀಜ 520. ಎಣ್ಣೆ, ತುಪ್ಪಗಳು 900. ಹಸಿ ತರಕಾರಿ, ಸೊಪ್ಪುಗಳದು ಬಹುಪಾಲು 20ರಿಂದ 50ರೊಳಗೆ. ಕಾಳು, ಬೇಳೆ, ಧಾನ್ಯಗಳೆಲ್ಲ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಎಣ್ಣೆಯೊಂದೇ ಅವುಗಳ ಎರಡೂವರೆ ಪಟ್ಟಿಗೂ ಮೀರಿ ಎದ್ದು ನಿಲ್ಲುತ್ತದೆ. ಇದೊಂದನ್ನು ಮನದಲ್ಲಿಟ್ಟುಕೊಂಡರೂ ಅರ್ಧ ಪಾಠ ಕಲಿತಂತೆ.

ಗಡಿನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. ಇಲ್ಲಿನ ಆಸ್ಪತ್ರೆಗಳಲ್ಲಿ ದೊರೆಯುವ ಆಹಾರದ ಪಟ್ಟಿ ಬಹುಮಟ್ಟಿಗೆ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅದರಲ್ಲಿನ ಜೊನ್ನಲು ನಮ್ಮ ಜೋಳ, ಮೊಕ್ಕಜೊನ್ನಲು ಮೆಕ್ಕೆಜೋಳ, ಕೊರ್ರಲು ನವಣೆ, ಕಂದಿಪಪ್ಪು ತೊಗರಿಬೇಳೆ, ಪೆಸಲು ಹೆಸರುಕಾಳು, ಗೋಂಗೂರ ಪುಂಡಿಸೊಪ್ಪು. ಮಾತಿನಲ್ಲಿ ಎರಡೂ ಭಾಷೆ ಬಲ್ಲ ನಮ್ಮ ಹಿರಿಯರಲ್ಲಿ ಅನೇಕರಿಗೆ ತೆಲುಗು ಲಿಪಿ ಬಾರದು. ಮನೆಯಲ್ಲಿ ಓದಬಲ್ಲ ಮಕ್ಕಳು ಆ ಪಟ್ಟಿಯನ್ನು ಕನ್ನಡದಲ್ಲಿ ಬರೆದುಕೊಡುವುದು ಮೊದಲ ಕೆಲಸವಾಗಲಿ.

ಪಾತ್ರೆಯ ಲೆಕ್ಕ

ವಿಧಾನ ಸರಳ. ಹಸಿಯಾಗಿರುವಾಗಲೇ ಪ್ರತಿಯೊಂದು ಪದಾರ್ಥವನ್ನೂ ತೂಗಿ ಬರೆದುಕೊಳ್ಳಬೇಕು. ಒಟ್ಟು ಕ್ಯಾಲೊರಿಯನ್ನು ಕೂಡಿಸಬೇಕು. ಅಡುಗೆಯಾದ ಮೇಲೆ ಪಾತ್ರೆಸಮೇತ ತೂಗಿ, ಖಾಲಿ ಪಾತ್ರೆಯ ತೂಕವನ್ನು ಕಳೆಯಬೇಕು. ಒಟ್ಟು ಕ್ಯಾಲೊರಿಯನ್ನು ಆ ತೂಕದಿಂದ ಭಾಗಿಸಿದರೆ ಒಂದು ಗ್ರಾಮಿನ ಕ್ಯಾಲೊರಿ ಸಿಗುತ್ತದೆ. ದೊಡ್ಡ ಪಾತ್ರೆಗಳ ಖಾಲಿ ತೂಕವನ್ನು ಒಮ್ಮೆ ತೂಗಿ, ಪಾತ್ರೆಯ ತಳಕ್ಕೆ ಬಣ್ಣದಲ್ಲಿ ಬರೆದಿಟ್ಟರೆ ಪ್ರತಿಸಲ ತೂಗುವ ತೊಂದರೆ ತಪ್ಪುತ್ತದೆ.

ಎಂಟು ಜನರ ಪುಂಡಿಪಲ್ಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅರ್ಧ ಕಿಲೋ ತೊಗರಿಬೇಳೆಗೆ ಸುಮಾರು 1,650; ಅರ್ಧ ಕಿಲೋ ಪುಂಡಿಸೊಪ್ಪಿಗೆ ಸುಮಾರು 200; ಕಾಲು ಕಿಲೋಗಿಂತ ಕೊಂಚ ಕಡಿಮೆ ಈರುಳ್ಳಿಗೆ 100; ಬೆಳ್ಳುಳ್ಳಿ, ಮೆಣಸಿನಕಾಯಿಗಳಿಗೆ 50; ಒಗ್ಗರಣೆಯ 60 ಗ್ರಾಂ ಎಣ್ಣೆಗೆ 540. ಒಟ್ಟು 2,540 ಕ್ಯಾಲೊರಿ. ಬೆಂದ ಮೇಲೆ ಪಾತ್ರೆಸಮೇತ 4 ಕಿಲೋ 700 ಗ್ರಾಂ ತೂಗಿತು, ಖಾಲಿ ಪಾತ್ರೆ ಒಂದೂವರೆ ಕಿಲೋ ಎಂದುಕೊಂಡರೆ ಪಲ್ಯದ ತೂಕ 3 ಕಿಲೋ 200 ಗ್ರಾಂ. ಆಗ ನೂರು ಗ್ರಾಂ ಪಲ್ಯದಲ್ಲಿ ಸುಮಾರು 79 ಕ್ಯಾಲೊರಿ. ಮನೆಯ ಸೌಟಿಗೆ 120 ಗ್ರಾಂ ಹಿಡಿಯುವುದಾದರೆ ಒಂದು ಸೌಟಿಗೆ ಸುಮಾರು 95. ಮುಂದೆ ತಾಟಿನ ಮುಂದೆ ತಕ್ಕಡಿ ಬೇಕಿಲ್ಲ. ಸೌಟಿನ ಎಣಿಕೆಯೇ ಸಾಕು.

ನೀರು ಹೆಚ್ಚು ಹಾಕಿದರೆ? ಪಾತ್ರೆಯೊಳಗಿನ ಒಟ್ಟು ಕ್ಯಾಲೊರಿ ಬದಲಾಗುವುದಿಲ್ಲ, ಸೌಟಿನದು ಬದಲಾಗುತ್ತದೆ. ಅದೇ ಪಲ್ಯ ನಾಲ್ಕು ಕಿಲೋ ಆಗುವಷ್ಟು ತೆಳ್ಳಗಾದರೆ ನೂರು ಗ್ರಾಮಿಗೆ 64ರ ಆಸುಪಾಸು; ಕುದಿದು ಗಟ್ಟಿಯಾಗಿ 2 ಕಿಲೋ 800 ಗ್ರಾಮಿಗೆ ಇಳಿದರೆ 91ರ ಆಸುಪಾಸು. ಆ್ಯಪ್‌ನ ‘ಒಂದು ಬಟ್ಟಲು’ ನಮಗೆ ಹೊಂದದಿರುವುದಕ್ಕೆ ಕಾರಣ ಇದೇ. ಸೌಟು ಆಳಕ್ಕೆ ಹೋದಂತೆ ಬೇಳೆ, ಮೇಲೆ ತೇಲಿದಂತೆ ತಿಳಿ ಬರುವ ಸಾರುಗಳಲ್ಲಿ ಬಡಿಸುವ ಮುನ್ನ ಚೆನ್ನಾಗಿ ಕಲಕುವುದೂ ಲೆಕ್ಕದ ಭಾಗವೇ.

ರೊಟ್ಟಿಗೆ ಇಷ್ಟೂ ಕಷ್ಟವಿಲ್ಲ. ಎರಡು ಕಿಲೋ ಜೋಳದ ಹಿಟ್ಟಿಗೆ 6,680 ಕ್ಯಾಲೊರಿ. 25 ರೊಟ್ಟಿಯಾದರೆ ಒಂದಕ್ಕೆ ಸುಮಾರು 267. ತಟ್ಟುವಾಗ ಉದುರಿಸುವ ಒಣಹಿಟ್ಟನ್ನು ಬಿಡಬಾರದು. ಹಿಟ್ಟಿನ ಡಬ್ಬಿಯನ್ನೇ ಮೊದಲು ಒಮ್ಮೆ, ಕೊನೆಗೆ ಒಮ್ಮೆ ತೂಗಿದರೆ ಎಲ್ಲವೂ ಸೇರುತ್ತದೆ. ಖಡಕ್ ರೊಟ್ಟಿ ಹಗುರವೆಂದು ನಾಲ್ಕೈದು ಮುರಿದು ತಿನ್ನುವವರು ಗಮನಿಸಬೇಕು. ಒಣಗಿದಾಗ ಹೋದದ್ದು ನೀರು ಮಾತ್ರ. 40 ಗ್ರಾಂ ಹಿಟ್ಟಿನ ಖಡಕ್ ರೊಟ್ಟಿಯಲ್ಲಿ 134 ಕ್ಯಾಲೊರಿ ಹಾಗೆಯೇ ಉಳಿದಿರುತ್ತದೆ. ಅನ್ನದ್ದೂ ಇದೇ ಕ್ರಮ. ಒಂದು ಕಿಲೋ ಅಕ್ಕಿ ಬೆಂದು 2 ಕಿಲೋ 800 ಗ್ರಾಂ ಅನ್ನವಾದರೆ ನೂರು ಗ್ರಾಮಿಗೆ ಸುಮಾರು 127. ಗಂಜಿ ಬಸಿಯುವ ಮನೆಗಳಲ್ಲಿ ಇದಕ್ಕಿಂತ ಕೊಂಚ ಕಡಿಮೆ. ಬಸಿದ ಗಂಜಿಯನ್ನು ಕುಡಿದವರ ಪಾಲಿಗೆ ಅದು ಸೇರುತ್ತದೆ.

ಕಣ್ಣಿಗೆ ಬೀಳದ ಎಣ್ಣೆ

ಲೆಕ್ಕ ತಪ್ಪುವುದು ರೊಟ್ಟಿಯಲ್ಲಲ್ಲ, ರೊಟ್ಟಿಯ ಪಕ್ಕದಲ್ಲಿ. ಒಂದು ಕಿಲೋ ಶೇಂಗಾಬೀಜಕ್ಕೆ 5,200 ಕ್ಯಾಲೊರಿ. ಬೆಳ್ಳುಳ್ಳಿ, ಒಣಮೆಣಸಿನಕಾಯಿಗಳಿಗೆ ಇನ್ನು ಸುಮಾರು 300. ಕುಟ್ಟಿದ ಮೇಲೆ ಪುಡಿ 1 ಕಿಲೋ 150 ಗ್ರಾಂ ಆದರೆ ಹತ್ತು ಗ್ರಾಮಿನ ಒಂದು ಚಮಚಕ್ಕೆ ಸುಮಾರು 48. ಮೂರು ಚಮಚ ಹಾಕಿಕೊಂಡರೆ ಅರ್ಧ ರೊಟ್ಟಿಗೂ ಮಿಕ್ಕಿತು. ಅದರ ಮೇಲಿನ ಒಂದು ಚಮಚ ಎಣ್ಣೆ ಬೇರೆ. ಶೇಂಗಾ ಕೆಟ್ಟದ್ದೆಂದು ಇದರ ಅರ್ಥವಲ್ಲ. ಪ್ರೋಟೀನಿನ ದೃಷ್ಟಿಯಿಂದ ಬಡವರ ಮನೆಯ ಬಲ ಅದು. ಅದನ್ನು ‘ನಂಜಿಕೊಳ್ಳಲು’ ಎಂದು ಲೆಕ್ಕದಿಂದ ಹೊರಗಿಡಬಾರದು ಎಂದಷ್ಟೇ ಅರ್ಥ.

ಆದವಾನಿಯವರ ಬೆಳಗಿನ ಪ್ರೀತಿಯಾದ ಉಗ್ಗಾಣಿ-ಬಜ್ಜಿಯ ಲೆಕ್ಕವೂ ಕಷ್ಟವಲ್ಲ. ಕರಿದ ಪದಾರ್ಥ ಕುಡಿದ ಎಣ್ಣೆಯನ್ನು ತಿಳಿಯಲು ಬಾಣಲೆಯ ಎಣ್ಣೆಯನ್ನು ಮೊದಲೂ ಕೊನೆಗೂ ತೂಗಬೇಕು. ಒಂದು ಕಿಲೋ ಎಣ್ಣೆಯಲ್ಲಿ ಕರಿದ ಮೇಲೆ 760 ಗ್ರಾಂ ಉಳಿದರೆ, 240 ಗ್ರಾಂ ಬಜ್ಜಿಯೊಳಗೆ ಹೋಯಿತೆಂದೇ ತಿಳಿಯಬೇಕು. ಅದಕ್ಕೆ 2,160 ಕ್ಯಾಲೊರಿ, ಅರ್ಧ ಕಿಲೋ ಕಡಲೆಹಿಟ್ಟಿಗೆ 1,650, ಮೆಣಸಿನಕಾಯಿಗೆ 200. ಒಟ್ಟು 4,010. ನಲವತ್ತು ಬಜ್ಜಿಯಾದರೆ ಒಂದಕ್ಕೆ ಸುಮಾರು ನೂರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಎಣ್ಣೆಯದು. ಎಣ್ಣೆ ಚೆನ್ನಾಗಿ ಕಾಯದೆ ಬಜ್ಜಿ ಬಿಟ್ಟರೆ ಈ ಪಾಲು ಇನ್ನೂ ಏರುತ್ತದೆ.

ತಕ್ಕಡಿಯಿಲ್ಲದ ಮನೆಯವರು ಏನು ಮಾಡಬೇಕು? ನಮ್ಮ ತಾಯಂದಿರು ಅಳೆಯುವುದು ಪಾವು, ಸೇರುಗಳಲ್ಲಿ. ಮನೆಯ ಪಾವನ್ನು ಒಮ್ಮೆ ಕಿರಾಣಿ ಅಂಗಡಿಗೆ ಒಯ್ದು, ಅದರ ತುಂಬ ಅಕ್ಕಿ, ಬೇಳೆ, ಹಿಟ್ಟುಗಳನ್ನು ಬೇರೆಬೇರೆಯಾಗಿ ತೂಗಿಸಿ ಬರೆದುಕೊಂಡರೆ ಅದೇ ಶಾಶ್ವತ ತಕ್ಕಡಿಯಾಯಿತು. ಎಣ್ಣೆಗೆ ಇನ್ನೂ ಸುಲಭದ ದಾರಿಯಿದೆ. ತಿಂಗಳಿಗೆ ತಂದ ಎಣ್ಣೆಯ ಪ್ಯಾಕೆಟ್ಟುಗಳನ್ನು ಎಣಿಸಿ, ತಲೆಗೂ ದಿನಕ್ಕೂ ಭಾಗಿಸುವುದು. ಎಂಟು ಜನರ ಮನೆಗೆ ತಿಂಗಳಿಗೆ ಹತ್ತು ಕಿಲೋ ಎಣ್ಣೆ ಬಂದರೆ ತಲೆಗೆ ದಿನಕ್ಕೆ ಸುಮಾರು 42 ಗ್ರಾಂ, ಅಂದರೆ 375 ಕ್ಯಾಲೊರಿ. ಈ ಒಂದು ಭಾಗಾಕಾರ ತಿಂಗಳ ದಿನಚರಿಗಿಂತ ಹೆಚ್ಚು ಹೇಳುತ್ತದೆ.

ಶಾಲೆಯ ಪಾತ್ರೆ

ದೊಡ್ಡ ಪಾತ್ರೆಯ ಕ್ಯಾಲೊರಿ ಲೆಕ್ಕ ಕಾನೂನಾಗಿಯೇ ಜಾರಿಯಲ್ಲಿರುವ ಸ್ಥಳ ನಮ್ಮ ಊರಿನ ಸರ್ಕಾರಿ ಶಾಲೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಇಂದಿನ ನಿಯಮದಂತೆ ಒಂದರಿಂದ ಐದನೆಯ ತರಗತಿಯ ಮಗುವಿಗೆ ಮಧ್ಯಾಹ್ನದ ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟರವರೆಗಿನವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು ಸಿಗಬೇಕು. ಚಿಕ್ಕವರಿಗೆ ತಲಾ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ದೊಡ್ಡವರಿಗೆ ಎಲ್ಲವೂ ಅದರ ಒಂದೂವರೆ ಪಟ್ಟು. ಆಂಧ್ರದಲ್ಲಿ 2020ರಲ್ಲಿ ಗೋರುಮುದ್ದ ಎಂದೂ 2024ರಿಂದ ಡೊಕ್ಕಾ ಸೀತಮ್ಮನವರ ಹೆಸರಿನಲ್ಲಿಯೂ ನಡೆದಿರುವುದು ಇದೇ ಯೋಜನೆ. ಕನ್ನಡ ಮಾಧ್ಯಮದ ಮಕ್ಕಳಿಗೂ ಇದು ಸಮಾನ ಹಕ್ಕು.

ನೂರು ಚಿಕ್ಕ ಮಕ್ಕಳ ಶಾಲೆಯೆಂದರೆ ಹತ್ತು ಕಿಲೋ ಅಕ್ಕಿ, ಎರಡು ಕಿಲೋ ಬೇಳೆ, ಐದು ಕಿಲೋ ತರಕಾರಿ, ಅರ್ಧ ಕಿಲೋ ಎಣ್ಣೆ. ಮೇಲಿನ ಅಂಕಿಗಳಿಂದ ಗುಣಿಸಿದರೆ ಮಗುವಿಗೆ ಅಕ್ಕಿಯಿಂದ 356, ಬೇಳೆಯಿಂದ 66, ತರಕಾರಿಯಿಂದ ಸುಮಾರು 15, ಎಣ್ಣೆಯಿಂದ 45, ಒಟ್ಟು 482. ನಿಯಮಕ್ಕಿಂತ ಕೊಂಚ ಹೆಚ್ಚೇ. ಮೊಟ್ಟೆಯಿದ್ದ ದಿನ ಇನ್ನೂ 65-70 ಸೇರುತ್ತದೆ. ಬೇಳೆ ಎರಡರ ಬದಲು ಒಂದು ಕಿಲೋಗೆ ಇಳಿದರೆ? ಕ್ಯಾಲೊರಿಯಲ್ಲಿ 33 ಮಾತ್ರ ಕಡಿಮೆಯಾಗುತ್ತದೆ, ಒಟ್ಟು 450ರ ಹತ್ತಿರವೇ ನಿಲ್ಲುತ್ತದೆ. ಆದರೆ ಪ್ರೋಟೀನು ನಿಯಮಕ್ಕಿಂತ ಕೆಳಗಿಳಿಯುತ್ತದೆ. ಹೊಟ್ಟೆ ತುಂಬಿದ ಮಗು ಪೋಷಣೆ ಪಡೆದಿದೆಯೆಂದು ಹೇಳಲಾಗದು. ಶಾಲೆಯ ಪೋಷಕರ ಸಮಿತಿಯಲ್ಲಿರುವ ತಾಯಂದಿರು ಈ ನಾಲ್ಕು ಅಂಕಿಗಳನ್ನು ಬಲ್ಲವರಾದರೆ, ದೂರು ಹೇಳದೆಯೂ ಪಾತ್ರೆಯೊಳಗೆ ಏನು ಬೀಳಬೇಕೆಂದು ಕೇಳಬಲ್ಲರು.

ಇಳಿಸುವುದಕ್ಕಷ್ಟೇ ಅಲ್ಲ

ಕ್ಯಾಲೊರಿಯ ಮಾತು ತೂಕ ಇಳಿಸುವವರದೆಂಬ ಭಾವನೆ ಪೇಟೆಯಿಂದ ಬಂದದ್ದು. ನಮ್ಮ ಸೀಮೆಯಲ್ಲಿ ಒಂದೇ ಪಾತ್ರೆಯ ಸುತ್ತ ಎರಡು ಬಗೆಯ ಅಗತ್ಯ ಕುಳಿತಿರುತ್ತದೆ. ಅಂಗಡಿಯಲ್ಲಿ ಕುಳಿತು ದುಡಿಯುವ ಗಂಡಸಿಗೆ ದಿನಕ್ಕೆ 2,110 ಸಾಕು. ಕುಳಿತಲ್ಲೇ ಕೆಲಸವಿರುವ ಹೆಂಗಸಿಗೆ 1,660. ಅದೇ ಮನೆಯ ಹೆಣ್ಣುಮಗಳು ಹತ್ತಿ ಬಿಡಿಸಲು ಹೋದರೆ ಅವಳ ಅಗತ್ಯ 2,130ರಿಂದ 2,720ಕ್ಕೆ ಏರುತ್ತದೆ. ಗರ್ಭಿಣಿಗೆ ಇನ್ನೂ 350, ಮೊದಲ ಆರು ತಿಂಗಳು ಹಾಲೂಡುವವಳಿಗೆ ಇನ್ನೂ 600 ಬೇಕು.

ಮಳೆ ಕೈಕೊಟ್ಟ ವರ್ಷ ಕೋಸಿಗಿ, ಪೆದ್ದಕಡಬೂರು, ಕೌತಾಳ ಕಡೆಯ ಸಂಸಾರಗಳು ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನತ್ತ ಗುಳೆ ಹೋಗುವುದು ಎಲ್ಲರೂ ಬಲ್ಲದ್ದು. ಅಂಥ ಹೆಣ್ಣಾಳು ದಿನಕ್ಕೆ ಆರು ರೊಟ್ಟಿ, 400 ಗ್ರಾಂ ಪಲ್ಯ, ನಾಲ್ಕು ಚಮಚ ಚಟ್ನಿಪುಡಿ ಉಂಡರೂ ದೊರೆಯುವುದು ಸುಮಾರು 2,100 ಕ್ಯಾಲೊರಿ. ಕಠಿಣ ದುಡಿಮೆಯ ಅಗತ್ಯಕ್ಕೆ 600 ಕಡಿಮೆ. ಆಹಾರ ಭದ್ರತಾ ಕಾಯಿದೆಯಡಿ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ ದಿನಕ್ಕೆ ಸುಮಾರು 590 ಕ್ಯಾಲೊರಿ ತುಂಬುತ್ತದೆ. ಉಳಿದದ್ದನ್ನು ಕೂಲಿಯಿಂದ ಕೊಳ್ಳಬೇಕು. ಅವಳಿಗೆ ‘ಎಣ್ಣೆ ಬಿಡು’ ಎಂಬ ಉಪದೇಶ ಸಲ್ಲದು. ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು, ಇನ್ನೊಂದು ಸೌಟು ಬೇಳೆ ಬೇಕು.

ಅಡುಗೆ ಮಾಡಿದವಳು ಕೊನೆಗೆ ಉಣ್ಣುವ ಪದ್ಧತಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಪಾತ್ರೆಯ ಲೆಕ್ಕವನ್ನು ಒಂದು ವಾರ ಬರೆದಿಟ್ಟರೆ ತಳದಲ್ಲಿ ಉಳಿದದ್ದೆಷ್ಟು, ಅದನ್ನು ಉಂಡವರಾರು ಎಂಬುದೂ ಅದರಲ್ಲಿ ಬರುತ್ತದೆ. ಎಂಟು ಪಾಲಿನ ಪಲ್ಯದಲ್ಲಿ ಏಳು ಜನ ಸೇರಿ ಒಂದು ಪಾಲು ಹೆಚ್ಚು ಉಂಡರೆ ಎಂಟನೆಯವಳಿಗೆ ಏನೂ ಉಳಿಯಲಿಲ್ಲವೆಂದೇ ಅರ್ಥ. ಹಿಂದಿನ ದಿನದ ರೊಟ್ಟಿ, ಮಜ್ಜಿಗೆಗಳಲ್ಲಿ ಅವಳ ಊಟ ಮುಗಿಯುತ್ತದೆ. ಬಡಿಸುವ ಮೊದಲೇ ಅವಳ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಡುವುದು ಇದಕ್ಕೆ ಪರಿಹಾರ. ಇದಕ್ಕೆ ತಕ್ಕಡಿಯೂ ಬೇಡ.

ಎಚ್ಚರದ ಮಾತು

ಈ ಲೆಕ್ಕ ನೂರಕ್ಕೆ ನೂರು ನಿಖರವಲ್ಲ. ಕಾಳಿನ ತೇವ, ತಳಿ, ಸೌಟಿನ ತುಂಬು ಎಲ್ಲವೂ ಸೇರಿ ಹತ್ತರಲ್ಲಿ ಒಂದು ಪಾಲು ಹೆಚ್ಚುಕಡಿಮೆ ಆಗಬಹುದು. ಅದಕ್ಕೆ ಚಿಂತಿಸಬೇಕಿಲ್ಲ. ತಿಂಗಳಿಗೊಮ್ಮೆ ದೇಹದ ತೂಕ ನೋಡಿದರೆ ಲೆಕ್ಕ ಯಾವ ಕಡೆಗೆ ವಾಲಿದೆಯೆಂದು ತಿಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟವನ್ನು ಥಟ್ಟನೆ ಇಳಿಸಬಾರದು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಕ್ಯಾಲೊರಿಯೊಂದೇ ಅಳತೆಯೂ ಅಲ್ಲ. ಪೋಷಣ ಸಂಸ್ಥೆಯ 2024ರ ಮಾರ್ಗಸೂಚಿ ದಿನದ ಕ್ಯಾಲೊರಿಯಲ್ಲಿ ಧಾನ್ಯದ ಪಾಲು ನೂರಕ್ಕೆ 45 ಮೀರದಿರಲಿ ಎನ್ನುತ್ತದೆ. ಮೇಲೆ ಹೇಳಿದ ಹೆಣ್ಣಾಳಿನ ಊಟದಲ್ಲಿ ರೊಟ್ಟಿಯ ಪಾಲೇ ನೂರಕ್ಕೆ 75ರಷ್ಟು. ನಮ್ಮ ಬಹುಪಾಲು ತಾಟುಗಳ ಸ್ಥಿತಿ ಇದೇ. ರೊಟ್ಟಿ ಒಂದು ಕಡಿಮೆಯಾಗಿ ಬೇಳೆ, ಮೊಟ್ಟೆ, ಸೊಪ್ಪು ಹೆಚ್ಚಾದರೆ ಅಂಕಿ ಅಷ್ಟೇ ಉಳಿದರೂ ಊಟ ಉತ್ತಮವಾಗುತ್ತದೆ.

ಆರಂಭಿಸುವವರಿಗೆ ಒಂದು ಸಲಹೆ. ಎಲ್ಲ ಅಡುಗೆಯನ್ನೂ ಒಂದೇ ದಿನ ಅಳೆಯಲು ಹೋಗಬೇಡಿ. ಪ್ರತಿ ಮನೆಯಲ್ಲೂ ತಿರುತಿರುಗಿ ಬರುವ ಅಡುಗೆಗಳು ಹತ್ತು ಹನ್ನೆರಡಷ್ಟೇ. ವಾರಕ್ಕೆ ಎರಡರಂತೆ ಅಳೆದರೆ ಒಂದೂವರೆ ತಿಂಗಳಲ್ಲಿ ಮನೆಯದೇ ಆದ ಪಟ್ಟಿ ಸಿದ್ಧವಾಗುತ್ತದೆ. ರೊಟ್ಟಿಗೆ ಇಷ್ಟು, ಸೌಟಿಗೆ ಇಷ್ಟು, ಚಮಚಕ್ಕೆ ಇಷ್ಟು ಎಂದು ಕನ್ನಡದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುಹಾಕಿ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅದನ್ನೇ ಕೊಂಡೊಯ್ಯಿರಿ. ‘ಏನು ಉಣ್ಣುತ್ತೀರಿ?’ ಎಂಬ ವೈದ್ಯರ ಪ್ರಶ್ನೆಗೆ ‘ಎಲ್ಲರಂತೆ’ ಎನ್ನುವುದಕ್ಕಿಂತ ‘ಮೂರು ರೊಟ್ಟಿ, ನಾಲ್ಕು ಸೌಟು’ ಎಂಬ ಉತ್ತರದಿಂದ ಅವರಿಗೂ ನಿಮಗೂ ಹೆಚ್ಚು ಪ್ರಯೋಜನವಾದೀತು.